ಕಡಜ ಕಟ್ಟದ ಗೂಡು

ಆದೋನಿಯ ನನ್ನ ಬಾಡಿಗೆ ರೂಮಿನ ಪ್ಲಗ್ಗಿನ ತೂತಿಗೆ ಕಡಜವೊಂದು ಗುಂಯ್‌ಗುಡುತ್ತ ಮಣ್ಣು ಮೆತ್ತುತ್ತಿದೆ. ಆ ಸದ್ದಿಗೆ ಕೌತಾಳಂ ಕಡೆಯ ನಮ್ಮೂರಿನ ಮಣ್ಣಿನ ಮಾಳಿಗೆ ಮನೆ ನೆನಪಾಗುತ್ತದೆ. ಬೇವಿನ ತೊಲೆಯ ಸಂದು, ಗೂಟಕ್ಕೆ ತೂಗುಹಾಕಿದ ಕಂಬಳಿಯ ಮಡಿಕೆ, ದೇವರ ಪಟದ ಬೆನ್ನು, ಹೀಗೆ ನಮ್ಮ ಕೈ ಹೋಗದ ಜಾಗವೆಲ್ಲ ಅವುಗಳದೇ. ನಿಮ್ಮ ಹಳೆಯ ಮನೆಯಲ್ಲೂ ಕಟ್ಟಿರಬೇಕು. ಅಜ್ಜಿ ಒಂದನ್ನೂ ಕೆಡವಗೊಡುತ್ತಿರಲಿಲ್ಲ. ಕಡಜ ಗೂಡು ಕಟ್ಟಿದ ಮನೆಯಲ್ಲಿ ಹೆಣ್ಣುಮಗಳು ಬಸುರಾಗುತ್ತಾಳೆಂಬುದು ನಮ್ಮ ಕಡೆಯ ನಂಬಿಕೆ.

ನಮ್ಮ ಚಿಗವ್ವ ಮದುವೆಯಾಗಿ ಬಂದು ಏಳು ವರ್ಷವಾದರೂ ಮಕ್ಕಳಾಗಿರಲಿಲ್ಲ. ನಾನೋ ಎಲ್ಲರನ್ನೂ ಅಣಕಿಸುವ ಮಂಗ. ಅಜ್ಜಿಯ ಕೆಮ್ಮು, ಚಿಗಪ್ಪನ ಗೊರಕೆ, ಲೆಕ್ಕದಲ್ಲಿ ನಪಾಸಾದ ನನ್ನದೇ ಅಳು, ಯಾವುದನ್ನೂ ಬಿಟ್ಟವನಲ್ಲ. ಮನುಷ್ಯರು ಮುಗಿದ ಮೇಲೆ ಕಡಜವನ್ನೇ ಅಣಕಿಸಿದೆ. ತೆಲುಗು ನೋಟುಬುಕ್ಕಿನ ಹಾಳೆಯೊಂದನ್ನು ಮುದುರಿ, ಮೇಲೆ ಹೊಲದ ಕರಿಮಣ್ಣು ಮೆತ್ತಿ, ಚಿಗವ್ವನ ಕೋಣೆಯ ತೊಲೆಗೆ ಅಂಟಿಸಿದೆ. ಆಕೆ ಬೇಸ್ತು ಬಿದ್ದರೆ ಎಲ್ಲರೂ ನಗಬಹುದು ಅಂದುಕೊಂಡಿದ್ದೆ.

ಯಾರೂ ನಗಲಿಲ್ಲ. ಅದನ್ನು ನೋಡಿ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಕ್ಕದ ಮನೆಯ ಲಕ್ಷ್ಮಕ್ಕ ಬಂದು, ಅತ್ತಿಗೆಯೆಂದು ತೆಲುಗಿನಲ್ಲಿ ಕರೆದು, "ಏಮಿ ವದಿನಾ, ಕರಿಮಣ್ಣಿನ ಗೂಡೈತಿ, ಗಂಡುಮಗನೇ ನೋಡು!" ಅಂದಳು. "ನಿನ್ನ ಬಾಯಾಗ ಸಕ್ರಿ ಬೀಳ್ಲೆವ್ವ," ಅಂದಳು ಚಿಗವ್ವ. ಯುಗಾದಿಗೆ ಮನೆಗೆಲ್ಲ ಸುಣ್ಣ ಬಳಿದರೂ ಆ ಮೂಲೆ ಮಾತ್ರ ಹೊಗೆಬಣ್ಣದಲ್ಲೇ ಉಳಿಯಿತು. ಹೇಳಿಬಿಡೋಣವೆಂದು ಎಷ್ಟೋ ಸಲ ಆಕೆಯ ಹತ್ತಿರ ಹೋದೆ. ಬಾಯಿ ಬಿಟ್ಟರೆ ಇನ್ಯಾರದೋ ದನಿ ಬರುತ್ತಿತ್ತು, ಆಕೆ ನಕ್ಕುಬಿಡುತ್ತಿದ್ದಳು.

ಮುಂಗಾರಿಗೆ ಮಾಳಿಗೆ ಸೋರಿ ಗೂಡು ಕಳಚಿ ಬಿತ್ತು. ಆಕೆ ಎತ್ತಿಕೊಂಡಳು. ಮಣ್ಣು ಉದುರಿ ಕಾಗದ ಉಳಿಯಿತು. ಚಿಗವ್ವನಿಗೆ ಓದು ಬಾರದು. ಆದರೆ ಆ ಮನೆಯಲ್ಲಿ ಶಾಲೆಗೆ ಹೋಗುತ್ತಿದ್ದವನು ನಾನೊಬ್ಬನೇ.

"ಏನ್ ಬಿತ್ತಬೇ ಅದು?" ಅಂಗಳದಿಂದ ಅಜ್ಜಿ ಕೂಗಿದಳು.

"ಕಡಜದ ಗೂಡ್ರಿ ಅತ್ತಿ. ಮರಿ ಹಾರಿ ಹೋಗ್ಯಾವು."

ಕಾಗದವನ್ನು ಒಲೆಗೆ ಹಾಕಿ, "ಉಣ್ಣು ಬಾರೋ," ಅಂದಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆ ಮನೆ ಬಿತ್ತು, ಅಜ್ಜಿ ಹೋದಳು. ಚಿಗವ್ವನ ಮಡಿಲು ತುಂಬಲೇ ಇಲ್ಲ. ಆ ಮಾತನ್ನು ಆಕೆ ಎಂದೂ ಎತ್ತಲಿಲ್ಲ, ಎತ್ತುವ ಧೈರ್ಯ ನನಗೂ ಬರಲಿಲ್ಲ. ಆಕೆಯ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತಿದ್ದ ನನ್ನನ್ನು ತೋರಿಸಿ, ನಿಮ್ಮ ಮಗನೇನಮ್ಮಾ ಎಂದು ನರ್ಸ್ ತೆಲುಗಿನಲ್ಲಿ ಕೇಳಿದಳು. ನಾನು ಅಲ್ಲವೆನ್ನುವಷ್ಟರಲ್ಲಿ ಚಿಗವ್ವ ಹೌದೆಂದು ತಲೆಯಾಡಿಸಿದಳು.