ಮಾಯವಾಗುತ್ತಿದ್ದ ಚೆಂಡು

ಹೋದ ತಿಂಗಳು ವಡೋದರಾದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೂತಿದ್ದೆ. ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಮಗಳ ಬಾಲ್ಯದ ಫೋಟೋಗಳು ಉಳಿದುಬಿಟ್ಟಿದ್ದವು. ಅವನ್ನು ತೆಗೆಸಿಕೊಂಡು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬರೋಣ ಎಂದಿದ್ದೆ. ಅಂಗಡಿಯವನು ಮುಚ್ಚಳ ಬಿಚ್ಚಿ ಬ್ರಶ್ಶಿನಿಂದ ಧೂಳು ಕೊಡವಿ ಸ್ವಿಚ್ ಹಾಕಿದ. ಫ್ಯಾನು ಗೊರಗುಟ್ಟುತ್ತಾ ತಿರುಗಿತು. ಸಂದಿಯಲ್ಲಿ ಉಳಿದಿದ್ದ ಧೂಳು ಕಾದು, ಬಿಸಿ ಪ್ಲಾಸ್ಟಿಕ್ಕಿನ ಜೊತೆ ಸೇರಿ ಒಂದು ವಾಸನೆ ಬಂತು... ಅದಕ್ಕೆ ತೆಂಗಿನೆಣ್ಣೆಯ ಒಗ್ಗರಣೆಯ ಘಮ ಬೆರೆಸಿದರೆ, ಅದು ಅಹಮದಾಬಾದಿನಲ್ಲಿದ್ದಾಗಿನ ನಮ್ಮ ಕೆಳಮನೆ ಅಕ್ಕನ ಕೋಣೆ.

ಆಗ ನನ್ನ ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಹಾಸನದಿಂದ ಅಹಮದಾಬಾದಿನ ಚಾಂದ್‌ಖೇಡಾಕ್ಕೆ ಬಂದಿದ್ದೆವು. ಮಗಳು ಇನ್ನೂ ಸಣ್ಣ ತರಗತಿಯಲ್ಲಿದ್ದಳು. ಸಾಮಾನು ಇಳಿಸುವಾಗ ಕೆಳಗಿನ ಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸು, ನಾನು ಮಗಳನ್ನು ಗದರಿಸಿದ ಕನ್ನಡ ಕೇಳಿ, ಒಳಗೆ ಕರೆದು ಕಾಫಿ ಕೊಟ್ಟರು. ಅವರು ಕುಂದಾಪುರದ ಕಡೆಯವರು. ಅವರ ಗಂಡ ನರೋಡಾದ ಕಾರ್ಖಾನೆಗಳ ಹತ್ತಿರ ಉಡುಪಿ ಹೋಟೆಲ್ ನಡೆಸುತ್ತಿದ್ದರು. ಬೆಳಗಿನ ತಿಂಡಿಗೆ ಹೋದರೆ ರಾತ್ರಿ ಊಟ ಮುಗಿಸಿಯೇ ಬರುತ್ತಿದ್ದರು. ಮಕ್ಕಳಿರಲಿಲ್ಲ. ಆಗಲೇ ಐವತ್ತು ದಾಟಿದ್ದ ಅಕ್ಕ, ಅಲ್ಲಿನ ಎಲ್ಲ ಹೆಂಗಸರಂತೆ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಬಿಳಿ ಸ್ಕೂಟರಿನಲ್ಲಿ ಓಡಾಡುತ್ತಿದ್ದರು. ಹೋಟೆಲಿಗೆ ಬೇಕಾದ ತೆಂಗಿನಕಾಯಿ, ಕರಿಬೇವು ತರುವುದು ಅವರ ಕೆಲಸ. ದಾರಿಯಲ್ಲೇ ಶಾಲೆ ಸಿಗುತ್ತದೆ ಎಂದು ನನ್ನ ಮಗಳನ್ನು ದಿನವೂ ತಾವೇ ಬಿಟ್ಟು ಬರುವುದಾಗಿ ಹೇಳಿದರು. ಭಾಷೆ ಬಾರದ ಊರಿನಲ್ಲಿ ನನಗೆ ಅದಕ್ಕಿಂತ ದೊಡ್ಡ ಉಪಕಾರ ಬೇಕಿರಲಿಲ್ಲ.

ಅಕ್ಕನಿಗೆ ಒಂದು ಆಟದ ಹುಚ್ಚಿತ್ತು. ಹೋಟೆಲಿನ ಬಿಲ್ಲು ಮಾಡುತ್ತಿದ್ದ ಹಳೆಯ ಕಂಪ್ಯೂಟರ್ ಮನೆಗೆ ಬಂದಾಗ ಅದರಲ್ಲಿ ಯಾರೋ ಹಾಕಿಟ್ಟಿದ್ದ ಆಟ. ಮೇಲೆ ಬಣ್ಣಬಣ್ಣದ ಇಟ್ಟಿಗೆಗಳ ಸಾಲು, ಕೆಳಗೆ ಎಡಕ್ಕೂ ಬಲಕ್ಕೂ ಜರುಗುವ ಒಂದು ಹಲಗೆ, ನಡುವೆ ಪುಟಿಯುವ ಚೆಂಡು. ಚೆಂಡು ಕೆಳಗೆ ಬೀಳದಂತೆ ಹಲಗೆಯಿಂದ ಹೊಡೆಯುತ್ತಾ ಇಟ್ಟಿಗೆಗಳನ್ನು ಒಡೆಯಬೇಕು, ಅಷ್ಟೇ. ಅಡುಗೆಯಾದ ಮೇಲೆ ಕೈ ಒರೆಸಿಕೊಂಡು ಅವರು ಅದರ ಮುಂದೆ ಕೂರುತ್ತಿದ್ದರು. ಪರದೆ ಕೆಟ್ಟು ಗಂಡ ಹೊಸ ಅಗಲದ ಪರದೆ ತಂದುಕೊಟ್ಟ ದಿನ ಅಕ್ಕ ಮಹಡಿ ಹತ್ತಿ ಬಂದರು.

"ಚೆಂಡು ಮೊಟ್ಟೆಯ ಹಾಗೆ ಆಗಿದೆ ಮಾರಾಯ್ತಿ. ಎಂತ ಆಗಿದೆ, ಒಮ್ಮೆ ಬಂದು ನೋಡು."

ಮದುವೆಗೆ ಮೊದಲು ನಾನು ಕಂಪ್ಯೂಟರ್ ತರಗತಿಗಳಲ್ಲಿ ಪಾಠ ಹೇಳಿದ್ದವಳು. ನೋಡಿದ ಕೂಡಲೇ ತಿಳಿಯಿತು. ಚೌಕ ಪರದೆಗಾಗಿ ಮಾಡಿದ್ದ ಆಟವನ್ನು ಅಗಲದ ಪರದೆ ಎರಡೂ ಕಡೆಗೆ ಎಳೆದು ಹಿಗ್ಗಿಸಿತ್ತು. ಸೆಟ್ಟಿಂಗಿಗೆ ಹೋಗಿ ಹಳೆಯ ಅಳತೆ ಇಟ್ಟುಕೊಟ್ಟೆ. ಎರಡು ಬದಿಗೂ ಕಪ್ಪು ಪಟ್ಟಿ ಬಂತು, ನಡುವೆ ಚೆಂಡು ದುಂಡಗಾಯಿತು. ಅಕ್ಕ ಖುಷಿಯಿಂದ ನನ್ನ ಮಗಳಿಗೆ ಒಂದು ಡಬ್ಬಿ ಚಕ್ಕುಲಿ ಕಳಿಸಿದರು.

ಸ್ವಲ್ಪ ದಿನಕ್ಕೆ ಇನ್ನೊಂದು ದೂರು ಬಂತು. ಚೆಂಡು ನಡುವಿನಲ್ಲಿದ್ದಾಗ ಸರಿಯಾಗಿರುತ್ತದೆ, ಬದಿಗೆ ಹೋದರೆ ಮಾಯವಾಗುತ್ತದೆ, ಆಮೇಲೆ ಎಲ್ಲಿಂದಲೋ ಬಂದು ಕೆಳಗೆ ಬಿದ್ದುಬಿಡುತ್ತದೆ ಎಂದರು. ಹಳೆಯ ಆಟ, ಹೊಸ ಪರದೆ... ಒಗ್ಗುತ್ತಿಲ್ಲ ಎಂದುಕೊಂಡೆ. ಬಣ್ಣ ಕಡಿಮೆ ಮಾಡಿದೆ, ಹಳೆಯ ವಿಂಡೋಸ್‌ನಲ್ಲಿ ನಡೆದಂತೆ ನಡೆಯುವ ಹಾಗೆ ಗುರುತು ಹಾಕಿದೆ, ಮಧ್ಯಾಹ್ನವೆಲ್ಲ ಏನೇನೋ ಬದಲಿಸಿದೆ. ನಾನು ಆಡಿದರೆ ಚೆಂಡು ಎಲ್ಲಿಯೂ ಮಾಯವಾಗುತ್ತಿರಲಿಲ್ಲ. ನಾನು ಕೂತರೆ ಸರಿ ಇರುತ್ತದೆ, ಅವರು ಕೂತರೆ ಮಾತ್ರ ಹೀಗೆ ಎಂದು ಅಕ್ಕ ಬೇಜಾರು ಮಾಡಿಕೊಂಡರು. ಕೊನೆಗೆ ತಾವೇ ಒಂದು ಉಪಾಯ ಹೇಳಿದರು. ಆಟ ಪರದೆ ತುಂಬ ಬೇಡ, ಒಂದು ಸಣ್ಣ ಚೌಕದಲ್ಲಿ ಬರುವ ಹಾಗೆ ಮಾಡಿಕೊಡು ಎಂದರು.

ನನಗೆ ಆಶ್ಚರ್ಯವಾಯಿತು. ನನ್ನ ಮಾವನವರು ಫೋನಿನ ಅಕ್ಷರ ದೊಡ್ಡದು ಮಾಡು ಎನ್ನುತ್ತಿದ್ದರು, ನಮ್ಮ ಮನೆ ಮಾಲೀಕರು ಟಿವಿ ದೊಡ್ಡದು ತಂದಿದ್ದರು. ವಯಸ್ಸಾದಂತೆ ಎಲ್ಲರೂ ದೊಡ್ಡದು ಕೇಳುವಾಗ ಅಕ್ಕ ಸಣ್ಣದು ಕೇಳಿದರು. ಮಾಡಿಕೊಟ್ಟೆ. ಚೆಂಡು ಸಿಕ್ಕಿತು. ಮಳೆಗಾಲ ಕಳೆದು ನವರಾತ್ರಿ ಬರುವ ಹೊತ್ತಿಗೆ ಮತ್ತೆ ಕರೆದರು. ಇನ್ನೂ ಸಣ್ಣದು ಬೇಕಿತ್ತು. ವಿಂಡೋದ ಮೂಲೆ ಹಿಡಿದು ಒಳಕ್ಕೆ ಎಳೆಯುತ್ತಾ "ಸಾಕಾ ಅಕ್ಕಾ?" ಎಂದು ಕೇಳುತ್ತಿದ್ದೆ. ಅವರು ಎವೆ ಮುಚ್ಚದೆ ನಡುವನ್ನೇ ನೋಡುತ್ತಾ "ಇನ್ನೊಂಚೂರು... ಇನ್ನೊಂಚೂರು" ಎನ್ನುತ್ತಿದ್ದರು. ಆ ದಿನ ಮಹಡಿ ಹತ್ತುವಾಗ ಯಾಕೋ ನನ್ನ ಮನಸ್ಸು ಸಮಾಧಾನದಲ್ಲಿರಲಿಲ್ಲ. ಯಾಕೆಂದು ತಿಳಿಯಲಿಲ್ಲ.

ಸಂಕ್ರಾಂತಿ ಹತ್ತಿರವಾಗಿತ್ತು, ಉತ್ತರಾಯಣದ ಗಾಳಿಪಟಗಳು ಆಗಲೇ ಆಕಾಶದಲ್ಲಿದ್ದವು. ಗಾಜಿನ ಪುಡಿ ಹಚ್ಚಿದ ಗಾಳಿಪಟದ ದಾರ ಕುತ್ತಿಗೆ ಕೊಯ್ಯದಿರಲೆಂದು ಊರಿನ ಸ್ಕೂಟರುಗಳಿಗೆಲ್ಲ ಮುಂದೆ ತಂತಿ ಕಟ್ಟಿಸುವ ಕಾಲ. ಅಕ್ಕನೂ ಕಟ್ಟಿಸಿದ್ದರು. ಅವರು ಅಷ್ಟು ಜಾಗ್ರತೆಯ ಮನುಷ್ಯೆ. ಒಂದು ದಿನ ಶಾಲೆಯಿಂದ ಬಂದ ಮಗಳು ಬೂಟು ಬಿಚ್ಚುತ್ತಾ, ಗುಜರಾತಿ, ಹಿಂದಿ ಎಲ್ಲ ಬೆರೆಸಿ, ಬೆಳಿಗ್ಗೆ ನಡೆದದ್ದನ್ನು ಹೇಳಿದಳು. ತಿರುವಿನಲ್ಲಿ ಪಕ್ಕದಿಂದ ರಿಕ್ಷಾ ಬಂತಂತೆ. ರಿಕ್ಷಾದವನು ಬ್ರೇಕು ಹಾಕಿ ಬಾಯಿಗೆ ಬಂದ ಹಾಗೆ ಬೈದನಂತೆ.

"ಆಂಟಿ ರಿಕ್ಷಾ ನೋಡಲೇ ಇಲ್ಲ ಮಮ್ಮಿ. ಇಷ್ಟು ಹತ್ತಿರ ಇತ್ತು."

ಅವಳು ತೋರಿಸಿದ್ದು ತನ್ನ ಅಂಗೈಯಷ್ಟು ದೂರ.

ಅಹಮದಾಬಾದಿನ ರಸ್ತೆಯಲ್ಲಿ ಅದೇನು ದೊಡ್ಡ ವಿಷಯವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮರುದಿನ ಅವರಿಬ್ಬರು ಹೊರಟಾಗ ಬಾಲ್ಕನಿಯಲ್ಲಿ ನಿಂತು ಗೇಟಿನವರೆಗೂ ನೋಡಿದೆ. ಶಾಲೆಯ ಗಂಟೆಯ ಹೊತ್ತು ಕಳೆದು ಸ್ಕೂಟರಿನ ಸದ್ದು ಕೆಳಗೆ ಮರಳಿ ಕೇಳುವವರೆಗೆ ಒಲೆಯ ಮೇಲಿಟ್ಟದ್ದರ ಕಡೆಗೆ ಗಮನವಿರಲಿಲ್ಲ. ಆ ವಾರವೆಲ್ಲ ಹೀಗೇ ಆಯಿತು. ಗಂಡನಿಗೆ ಹೇಳಿದರೆ, ಸುಮ್ಮನೆ ಹೆದರುತ್ತೀಯ ಎಂದರು.

ಭಾನುವಾರ ಮಧ್ಯಾಹ್ನ ಅಕ್ಕನ ಪಕ್ಕ ಕೂತಿದ್ದೆ. ಅವರು ಆಡುತ್ತಿದ್ದರು. ನಾನು ತಂದಿದ್ದ ಮಜ್ಜಿಗೆಯ ಲೋಟವನ್ನು ಅವರ ಎಡಗೈ ಹತ್ತಿರ ಇಟ್ಟು, ಇಟ್ಟಿದ್ದೇನೆ ಎಂದೂ ಹೇಳಿದೆ. ಅವರು ಹೂಂ ಎಂದರು. ಮರುಕ್ಷಣ ಕೈ ಜರುಗಿಸಿದಾಗ ಲೋಟ ಉರುಳಿ ಮಜ್ಜಿಗೆ ನೆಲಕ್ಕೆ ಚೆಲ್ಲಿತು. ಅಕ್ಕನ ಕಣ್ಣು ನೇರ ಲೋಟಕ್ಕೆ ಹೋಗಲಿಲ್ಲ... ಅದು ಎಲ್ಲಿ ಬಿತ್ತೆಂದು ಹುಡುಕಿದರು. ಆಗ ನನ್ನೊಳಗೆ ಎಲ್ಲವೂ ಒಟ್ಟಿಗೆ ಬಂದು ನಿಂತಿತು. ಚೆಂಡು, ರಿಕ್ಷಾ, ಲೋಟ.

ನೆಲ ಒರೆಸಿ ಬಂದು, ಒಂದು ಕೆಲಸ ಮಾಡೋಣ ಎಂದೆ. ಆಟ ಮುಚ್ಚಿ ಪರದೆಯನ್ನು ಖಾಲಿ ಮಾಡಿ ನಡುವೆ ಒಂದು ಚುಕ್ಕಿ ಇಟ್ಟೆ. ಅವರು ಚುಕ್ಕಿಯನ್ನೇ ನೋಡುತ್ತಿರಬೇಕು, ನಾನು ಮೌಸಿನ ಬಾಣವನ್ನು ಅಂಚಿನಿಂದ ನಿಧಾನವಾಗಿ ತರುತ್ತೇನೆ, ಕಂಡ ಕೂಡಲೇ ಹೇಳಬೇಕು. ಎಡ ಅಂಚಿನಿಂದ ಹೊರಟೆ. ಬಾಣ ಅರ್ಧ ದಾರಿಗೆ ಬಂತು. ಅಕ್ಕ ಮಾತಾಡಲಿಲ್ಲ. ಇನ್ನೂ ಒಳಗೆ ತಂದೆ. ಚುಕ್ಕಿಯ ತೀರಾ ಪಕ್ಕಕ್ಕೆ ಬಂದ ಮೇಲೆ ಅವರು "ಬಂತು" ಎಂದರು. ಬಲಗಡೆಯಿಂದಲೂ ಹಾಗೇ ಆಯಿತು.

ಅಕ್ಕ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು.

"ನನ್ನ ಅಮ್ಮನಿಗೂ ಹೀಗೇ ಶುರುವಾದದ್ದು. ನನಗೆ ಗೊತ್ತುಂಟು. ಇವತ್ತು ಚೆಂಡು ಕಾಣ್ತದಾ ಅಂತ ದಿನಾ ಕೂತು ನೋಡುದು. ಚೌಕ ಸಣ್ಣ ಮಾಡಿದ್ರೆ ಇಡೀ ಕಾಣ್ತದಲ್ಲ, ಹಾಗಾದ್ರೆ ಏನೂ ಆಗ್ಲಿಲ್ಲ ಅಂತ ಧೈರ್ಯ ಬರ್ತದೆ."

ಅದು ಆಟದ ಹುಚ್ಚು ಎಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ. ಅಕ್ಕ ಪ್ರತಿ ಮಧ್ಯಾಹ್ನ ಒಬ್ಬರೇ ಕೂತು ತಮ್ಮ ಭಯವನ್ನು ಅಳೆದುಕೊಳ್ಳುತ್ತಿದ್ದರು.

ಡಾಕ್ಟರ ಹತ್ತಿರ ಹೋಗೋಣ ಎಂದೆ. ಬೇಡ ಎಂದರು. ತಾಯಿಗೆ ಕಣ್ಣು ಪೂರ್ತಿ ಹೋದ ಮೇಲೆ ಮನೆಯ ಮೂಲೆಯಲ್ಲಿ ಕೂರಿಸಿ ಊಟ ಕೊಟ್ಟ ವರ್ಷಗಳನ್ನು ನೋಡಿದ್ದರಂತೆ. ಡಾಕ್ಟರು ಕಾಯಿಲೆಯ ಹೆಸರು ಹೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದೆ, ಸ್ಕೂಟರ್ ಹೋಗುತ್ತದೆ, ಗಂಡ ಹೋಟೆಲ್ ಬಿಟ್ಟು ತಮ್ಮ ಪಕ್ಕ ಬಂದು ಕೂರುತ್ತಾರೆ. ಯಾರಿಗೂ ಹೇಳಬೇಡ ಎಂದು ನನ್ನ ಕೈ ಹಿಡಿದರು. ನನಗೆ ಅವರ ಮೇಲೆ ಪ್ರೀತಿ, ಮಗಳ ಬಗ್ಗೆ ಹೆದರಿಕೆ, ಎರಡೂ ಇದ್ದವು. ಎದ್ದು ನಿಂತು ಹೇಳಿದೆ.

"ಯಾರಿಗೂ ಹೇಳೋದಿಲ್ಲ ಅಕ್ಕಾ. ಆದರೆ ನಾಳೆಯಿಂದ ಮಗು ನಿಮ್ಮ ಜೊತೆ ಬರೋದಿಲ್ಲ."

ಅವರು ನನ್ನ ಕೈ ಬಿಟ್ಟರು.

ಮರುದಿನ ಬೆಳಿಗ್ಗೆ ನಾನು ಮಗಳ ಕೈ ಹಿಡಿದು ಕೆಳಗಿಳಿದಾಗ ಅಕ್ಕ ಎಂದಿನಂತೆ ಸ್ಕೂಟರಿನ ಹತ್ತಿರ ನಿಂತಿದ್ದರು. ದುಪಟ್ಟಾ ಸುತ್ತಿಕೊಂಡಿದ್ದರಿಂದ ಕಣ್ಣು ಮಾತ್ರ ಕಾಣುತ್ತಿತ್ತು. ಮಗಳು ಅವರತ್ತ ಓಡಲು ನೋಡಿದಳು. ನಾನು ಬಿಡಲಿಲ್ಲ. ಗೇಟಿನಾಚೆ ರಿಕ್ಷಾ ಹತ್ತಿದೆವು. ನಾನು ತಿರುಗಿ ನೋಡಲಿಲ್ಲ, ಮಗಳು ನೋಡಿದಳು. ಆಂಟಿ ಯಾಕೆ ಅಲ್ಲೇ ನಿಂತಿದ್ದಾರೆ ಎಂದು ಶಾಲೆ ಬರುವವರೆಗೂ ಕೇಳುತ್ತಲೇ ಇದ್ದಳು. ಮನೆಗೆ ಮರಳುವಾಗ ನನಗೆ ಇನ್ನೊಂದು ದಿಗಿಲು. ಸಿಟ್ಟಿನಲ್ಲಿ ಅಕ್ಕ ಒಬ್ಬರೇ ಸ್ಕೂಟರ್ ತೆಗೆದುಕೊಂಡು ಮಾರ್ಕೆಟ್ಟಿಗೆ ಹೋಗಿಬಿಟ್ಟಿದ್ದರೆ? ಒಂದೊಂದು ತಿರುವಿನಲ್ಲೂ ಜನ ಗುಂಪುಗೂಡಿದ್ದಾರೇನೋ ಎಂದು ನೋಡುತ್ತಾ ಬಂದೆ.

ಸ್ಕೂಟರ್ ನಿಂತಲ್ಲೇ ಇತ್ತು. ಅಕ್ಕ ನಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ದುಪಟ್ಟಾ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದರು. "ಆಸ್ಪತ್ರೆಗೆ ನೀನೂ ಬಾ," ಎಂದರು.

ಕಣ್ಣಿನ ಆಸ್ಪತ್ರೆಯಲ್ಲಿ ಒಂದು ಬಿಳಿಯ ಬೋಗುಣಿಯಂಥ ಯಂತ್ರದೊಳಗೆ ಅವರ ಮುಖ ಇಡಿಸಿ, ಕೈಗೆ ಒಂದು ಗುಂಡಿ ಕೊಟ್ಟರು. ಒಳಗೆ ಅಲ್ಲಲ್ಲಿ ಬೆಳಕಿನ ಚುಕ್ಕಿ ಮಿನುಗುತ್ತದೆ, ಕಂಡಾಗ ಗುಂಡಿ ಒತ್ತಬೇಕು. ನಾನು ಹಿಂದೆ ಕೂತು ಗುಂಡಿಯ ಟಿಕ್ ಸದ್ದಿಗೆ ಕಾಯುತ್ತಿದ್ದೆ. ಸದ್ದಿಲ್ಲದ ಹೊತ್ತು ಬಹಳ ಉದ್ದವಾಗಿತ್ತು... ಗ್ಲಾಕೋಮಾ, ಬಹಳ ಮುಂದುವರಿದಿದೆ ಎಂದರು ಡಾಕ್ಟರು. ಅಂಚಿನಿಂದ ಹೋದ ದೃಷ್ಟಿ ಮರಳುವುದಿಲ್ಲ, ನಡುವೆ ಉಳಿದದ್ದನ್ನು ಔಷಧಿಯಿಂದ ಕಾಯಬಹುದು. ಗಾಡಿ ಓಡಿಸುವಂತಿಲ್ಲ. ತಾಯಿಯವರ ಕಾಲದಲ್ಲಿ ಆಗದಿದ್ದದ್ದು ಈಗ ಆಗುತ್ತದೆ ಎಂಬ ಮಾತನ್ನು ಅಕ್ಕ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿಸಿಕೊಂಡರು.

ತಮ್ಮ ಗಂಡನಿಗೆ ಅಕ್ಕನೇ ಹೇಳಿದರು. ಸ್ಕೂಟರ್ ಹೋಟೆಲಿನ ಕೆಲಸಕ್ಕೆ ಹೋಯಿತು. ಅದು ಹೋದ ಮೇಲೆ ಕೆಲವು ವಾರ ಅಕ್ಕ ಮೇಲೆ ಬರಲಿಲ್ಲ, ನಾನು ಹೋದರೂ ತಲೆನೋವು ಎಂದು ಮಲಗಿರುತ್ತಿದ್ದರು. ನಾನು ಮಾಡಿದ್ದು ಸರಿಯೆಂದು ಗೊತ್ತಿದ್ದರೂ ಆ ಮುಚ್ಚಿದ ಬಾಗಿಲ ಮುಂದೆ ಹಾದುಹೋಗುವುದು ಕಷ್ಟವಾಗುತ್ತಿತ್ತು. ಆಮೇಲೆ ಒಂದು ಮಧ್ಯಾಹ್ನ ಕೆಳಗಿನಿಂದ ಕೂಗಿದರು. ಆಟದ ಚೌಕವನ್ನು ಒಂದು ಅಳತೆಗೆ ಕಟ್ಟಿಹಾಕು, ಇನ್ನು ತಾವು ಕೇಳಿದರೂ ಸಣ್ಣದು ಮಾಡಬೇಡ ಎಂದರು. ಮೂಲೆ ಹಿಡಿದು ಎಳೆದರೂ ಜರುಗದಂತೆ ಇಟ್ಟುಕೊಟ್ಟೆ.

ನಮಗೆ ವಡೋದರಾಕ್ಕೆ ವರ್ಗವಾದ ಮೇಲೆ ಪ್ರತಿ ಭಾನುವಾರ ಫೋನು ಬರುತ್ತಿತ್ತು. ಎತ್ತಿದ ಕೂಡಲೇ ಅವರ ಮೊದಲ ಮಾತು, "ಚೆಂಡು ಉಂಟು." ಅಷ್ಟು ಕೇಳಿದ ಮೇಲೆಯೇ ನನಗೆ ಉಸಿರು. ಮಗಳ ಓದು, ಹೋಟೆಲಿನ ಸುದ್ದಿ ಎಲ್ಲ ಆಮೇಲೆ. ಒಮ್ಮೆ ಕಂಪ್ಯೂಟರ್ ತಾನೇ ಏನೋ ಅಪ್‌ಡೇಟ್ ಮಾಡಿಕೊಂಡು ಆಟ ತೆರೆಯದೆ ಹೋಯಿತು. ಅಕ್ಕ ಗಾಬರಿಯಲ್ಲಿ ಫೋನು ಮಾಡಿದರು. ಅವರು ಪರದೆಯಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದುತ್ತಾ, ನಾನು ಎಲ್ಲಿ ಒತ್ತಬೇಕೆಂದು ಹೇಳುತ್ತಾ, ಅನ್ನ ಸೀದು ಹೋಗುವವರೆಗೆ ಕೂತೆವು. ಹಲಗೆ, ಇಟ್ಟಿಗೆ, ಚೆಂಡು ಮೂಡಿದಾಗ ಆ ಕಡೆ ಅಕ್ಕ ಅತ್ತುಬಿಟ್ಟರು. ಔಷಧಿ ಕೆಲಸ ಮಾಡಿತು. ವರ್ಷಗಳು ಹೋದವು, ಚೌಕದ ಅಳತೆ ಬದಲಾಗಲಿಲ್ಲ.

ಹೋದ ವರ್ಷ ಒಂದು ಭಾನುವಾರ ಫೋನು ಬರಲಿಲ್ಲ. ಕಣ್ಣಿನದೇ ಏನೋ ಆಯಿತೆಂದು ಇಡೀ ದಿನ ಒದ್ದಾಡಿದೆ. ಸಂಜೆ ಅವರ ಗಂಡ ಮಾಡಿದರು. ಅಕ್ಕ ಹೋಗಿದ್ದರು. ಹೃದಯ ನಿಂತಿತ್ತು. ಅಷ್ಟು ವರ್ಷ ನಾನು ಹೆದರಿ ಕಾದದ್ದು ಒಂದಕ್ಕೆ, ಬಂದದ್ದು ಇನ್ನೊಂದು.

ರಿಪೇರಿ ಅಂಗಡಿಯಿಂದ ಬಂದ ವಾರದಲ್ಲೇ ನಾನು ನರೋಡಾದ ಅವರ ಹೋಟೆಲಿಗೆ ಹೋದೆ. ಮಗಳು ಈಗ ಸೂರತ್ತಿನಲ್ಲಿ ಓದುತ್ತಿದ್ದಾಳೆ. ಕೆಳಮನೆ ಆಂಟಿ ಎಂದರೆ ಅವಳಿಗೆ ನೆನಪಿರುವುದು ಸ್ಕೂಟರಿನ ಗಾಳಿ ಮಾತ್ರ. ಹಾಗಾಗಿ ಒಬ್ಬಳೇ ಹೋದೆ. ಊಟದ ಹೊತ್ತು ಮುಗಿದು ಹೋಟೆಲ್ ಖಾಲಿಯಿತ್ತು. ನಾನು ಭಾವ ಎಂದೇ ಕರೆಯುತ್ತಿದ್ದ ಅಕ್ಕನ ಗಂಡ ಕಾಫಿ ತರಿಸಿ ಎದುರಿಗೆ ಕೂತರು. ಆಮೇಲೆ ತಾವಾಗಿಯೇ ಹೇಳಿದರು. ಕೊನೆಯ ವರ್ಷಗಳಲ್ಲಿ ಅಕ್ಕ ಇವರನ್ನು ಹತ್ತಿರ ಕೂರಲು ಬಿಡುತ್ತಿರಲಿಲ್ಲವಂತೆ. ಹತ್ತಿರ ಕೂತರೆ ಬರೀ ಮೂಗು, ಬಾಯಿ ಕಾಣುತ್ತದೆ, ಕೋಣೆಯ ಆ ಕೊನೆಗೆ ಹೋಗಿ ಕೂತುಕೊಳ್ಳಿ, ಆಗ ನೀವು ಇಡೀ ಕಾಣುತ್ತೀರಿ ಎನ್ನುತ್ತಿದ್ದರಂತೆ. ರಾತ್ರಿ ಊಟವಾದ ಮೇಲೆ ಇವರು ಗೋಡೆಗೆ ಕುರ್ಚಿ ಹಾಕಿಕೊಂಡು ಕೂರುವುದು, ಅವರು ಈ ಕಡೆಯಿಂದ ನೋಡುತ್ತಾ ಮಾತಾಡುವುದು.

"ಈಗ ಎಲ್ಲಿ ಕೂತ್ರೂ ಒಂದೇ," ಎಂದರು ಭಾವ.

ನಾನು ಲೋಟ ಕೆಳಗಿಟ್ಟೆ. ಹೊರಗೆ ಪಾಳಿ ಮುಗಿದ ಕಾರ್ಖಾನೆಯ ಜನ ಹೋಟೆಲಿನತ್ತ ಬರತೊಡಗಿದ್ದರು. ಭಾವ ಎದ್ದು ಕೌಂಟರಿಗೆ ಹೋದರು.