ಬಣ್ಣದ ಮಾವನ ಮೊಕದ್ದಮೆ

ನಮ್ಮ ಕಟ್ಟಡದ ನಾಲ್ಕನೇ ಮಹಡಿಯ ಬಣ್ಣದ ಮಾವನಿಗೆ ಗೋಡೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಆಯುಷ್ಯವೆಲ್ಲ ಕಂಡವರ ಮನೆಗೆ ಬಣ್ಣ ಹೊಡೆದವರು. ಈಗಲೂ ಯಾರ ಮನೆಗೆ ಹೋದರೂ ಮೊದಲು ಗೋಡೆಯ ಕ್ಷೇಮಸಮಾಚಾರ, ಆಮೇಲೆ ಮನೆಯವರದ್ದು.

ಅವರ ಹೆಂಡತಿ, ನಮಗೆಲ್ಲ ಅತ್ತೆ, ಮೊಣಕಾಲು ನೋವಿನಿಂದ ಮೆಟ್ಟಿಲು ಇಳಿಯದೆ ವರ್ಷಗಳೇ ಆಗಿದ್ದವು. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಹಳೆಯದನ್ನು ಕೆಡವಿ ಹೊಸದು ಕಟ್ಟಿದರೆ ಲಿಫ್ಟ್ ಬರುತ್ತದೆ, ಅತ್ತೆ ಮತ್ತೆ ಬೀದಿ ಕಾಣುತ್ತಾರೆ. ಮಾವನಿಗೆ ಬೇಕಾಗಿದ್ದದ್ದು ಇಷ್ಟೇ. ಬಿಲ್ಡರ್ ಬಂದು ನಕ್ಷೆ ತೋರಿಸಿದಾಗ ನಿವಾಸಿಗಳ ಸಂಘದಲ್ಲಿ ಮೊದಲ ಸಹಿ ಅವರದ್ದೇ. ಕೆಳಗೆ ಅಂಗಡಿ ಇಟ್ಟಿರುವ ದರ್ಜಿಯೊಬ್ಬ ಮಾತ್ರ, ಕಟ್ಟಡ ಗುಂಡುಕಲ್ಲಿನ ಹಾಗಿದೆ, ಯಾಕೆ ಕೆಡವಬೇಕು ಎಂದು ಕೋರ್ಟಿಗೆ ಹೋದ.

ಕಟ್ಟಡ ಇವತ್ತೋ ನಾಳೆಯೋ ಬೀಳುತ್ತದೆ ಎಂದು ನಮ್ಮ ವಕೀಲರು ವಾದಿಸಿದರು. ಹೀಗೆ ಇವತ್ತೋ ನಾಳೆಯೋ ಬೀಳುತ್ತಲೇ ನಾಲ್ಕು ವರ್ಷ ನಿಂತಿತು. ಕೊನೆಗೆ ಬೇಸತ್ತ ನ್ಯಾಯಾಧೀಶರು, ಹೋಗಿ ನೋಡಿಕೊಂಡು ಬನ್ನಿ ಎಂದು ಒಬ್ಬ ಎಂಜಿನಿಯರನ್ನು ನೇಮಿಸಿದರು.

ಅವರು ಬರುವ ಹಿಂದಿನ ದಿನ ಬೆಳಿಗ್ಗೆ ನೋಡಿದರೆ ಮಾವ ಮೆಟ್ಟಿಲ ಗೋಡೆಯ ಬಿರುಕಿಗೆಲ್ಲ ಪುಟ್ಟಿ ಮೆತ್ತಿ ಬಣ್ಣ ಹೊಡೆಯುತ್ತಿದ್ದಾರೆ.

"ಏನ್ ಮಾವ ಇದು?"

"ನಾಳೆ ದೊಡ್ಡೋರು ಬರ್ತಾರಲ್ಲಪ್ಪ. ಗೋಡೆ ಈ ಗತೀಲಿದ್ರೆ, ಇಲ್ಲೊಬ್ಬ ಪೇಂಟರ್ ಇದಾನೆ ಅಂತ ಹೇಳ್ಕೊಳ್ಳೋಕಾಗುತ್ತಾ?"

ಅದೂ ಸರಿ ಎನ್ನಿಸಿತು. ನನ್ನ ಹೆಂಡತಿ ಮೆಟ್ಟಿಲು ತೊಳೆದಳು, ಎದುರುಮನೆಯವರು ಜೇಡರಬಲೆ ತೆಗೆದರು. ಬಂದವರ ಮುಂದೆ ಮರ್ಯಾದೆ ಹೋಗಬಾರದಲ್ಲ! ಅಷ್ಟು ಜನರಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ? ಹೊಳೆದದ್ದು ಒಬ್ಬನಿಗೇ. ಮಾವನ ಏಣಿ ಹಿಡಿದು ನಿಂತಿದ್ದವನು ಆ ದರ್ಜಿ. "ಜೋಪಾನ ಮಾವ, ಆ ಮೂಲೇಲಿ ಇನ್ನೊಂದು ಬಿರುಕಿದೆ ನೋಡಿ" ಎನ್ನುತ್ತಿದ್ದ.

ಮರುದಿನ ಎಂಜಿನಿಯರ್ ಗೋಡೆ ತಟ್ಟಿ, ಸವರಿ, ಬೆರಗಾದರು. "ಇಷ್ಟು ಚೆನ್ನಾಗಿ ನೋಡ್ಕೊಂಡಿರೋ ಹಳೇ ಕಟ್ಟಡ ನಾನು ಕಂಡೇ ಇಲ್ಲ. ಯಾರ ಕೆಲಸ ಇದು?"

ಹಿಂದೆ ನಿಂತ ನಮ್ಮ ವಕೀಲರು ಬೇಡ ಬೇಡವೆಂದು ಕೈಯಾಡಿಸುತ್ತಿದ್ದರು. ಮಾವ ಎದೆಯುಬ್ಬಿಸಿ ಮುಂದೆ ಬಂದರು. "ನಂದೇ ಸಾರ್."

ವಕೀಲರು ಹಣೆ ಚಚ್ಚಿಕೊಂಡರು. ಕಟ್ಟಡ ಸುಭದ್ರವಾಗಿದೆ, ಕೆಡವುವಂತಿಲ್ಲ ಎಂದು ತೀರ್ಪು ಬಂತು.

ಆ ದಿನ ಕೋರ್ಟಿನಿಂದ ಬಂದು ಮಾವನ ಜೊತೆ ನಾನೂ ಮೇಲೆ ಹತ್ತಿದೆ. ಅತ್ತೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಏನಾಯ್ತು?"

"ಸೋತ್ವಿ ಕಣೆ" ಎಂದ ಮಾವ, ತಡೆಯಲಾರದೆ ಸೇರಿಸಿದರು, "ಆದ್ರೆ ಮೆಟ್ಟಿಲ ಗೋಡೇನ ತೀರ್ಪಲ್ಲೇ ಹೊಗಳಿದಾರೆ."

ಈಗ ಅತ್ತೆ ಜನ್ಮ ಜಾಲಾಡುತ್ತಾರೆ ಎಂದುಕೊಂಡೆ. ಜಾಲಾಡಿದ್ದರೆ ಎಷ್ಟೋ ವಾಸಿಯಿತ್ತು. ಅವರು ಕೆಳಗಿಳಿಯುವ ಮೆಟ್ಟಿಲ ಕಡೆ ಒಮ್ಮೆ ಕತ್ತು ಚಾಚಿ ನೋಡಿದರು. ಅಲ್ಲಿಂದ ಅವರಿಗೆ ಕಾಣುವುದು ಕಂಬಿ ಮಾತ್ರ.

"ಹೌದಾ?" ಎಂದರು. "ಯಾವ ಬಣ್ಣ ಹೊಡೆದಿದೀರಿ?"