ಕಣ್ಣಾರೆ ಎಂದು ಬರೆಯದ ಮೇಡಂ

ಮೊನ್ನೆ ನಂಜನಗೂಡಿನ ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ವಾಸನೆಗೆ ತಿ. ನರಸೀಪುರದ ಕಾಲೇಜಿನ ಫಿಸಿಕ್ಸ್ ಮೇಡಂ ನೆನಪಾದರು...

ನಾನಾಗ ಪಿಯುಸಿ. ವಿಜ್ಞಾನ ಪ್ರದರ್ಶನಕ್ಕೆಂದು ಮೇಡಂ ಮೈಸೂರಿನಿಂದ ಥರ್ಮೋಕೋಲ್ ಡಬ್ಬಿಯಲ್ಲಿ ಡ್ರೈ ಐಸ್ ತಂದಿದ್ದರು, ಅದೂ ರಷ್ ಬಸ್ಸಿನಲ್ಲಿ, ತೊಡೆಯ ಮೇಲಿಟ್ಟುಕೊಂಡು. ಐಸಿನ ಮೇಲೆ ಗಾಜಿನ ಜಾಡಿ, ಜಾಡಿಯೊಳಗೆ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆ. ಟಾರ್ಚ್ ಬಿಟ್ಟರೆ ಒಳಗಿನ ಮಂಜಿನಲ್ಲಿ ಬಿಳಿ ಗೆರೆಗಳು ಮೂಡಿ ಮಾಯವಾಗುತ್ತಿದ್ದವು. ಆಕಾಶದಿಂದ ಬಂದ ಕಣಗಳು ಹಾದುಹೋದ ಗುರುತು ಅದು.

ಹೆಮ್ಮಿಗೆ ಊರಿನಿಂದ ಮಗಳನ್ನು ನೋಡಲು ಬಂದಿದ್ದ ರೈತರೊಬ್ಬರು ಬಗ್ಗಿ ನೋಡಿದರು. "ಗೀಟು ಕಾಣ್ತದೆ ಕಣವ್ವ, ಎಳ್ದೋನು ಎಲ್ಲವ್ನೆ?"

"ಅವನು ಕಾಣಲ್ಲ. ನಾನೂ ಕಂಡಿಲ್ಲ. ಆದ್ರೆ ಇಲ್ಲ ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸ್ಬೇಡಿ," ಅಂದರು ಮೇಡಂ. ರೈತರು ನಕ್ಕು, ಇನ್ನೂ ಸ್ವಲ್ಪ ಹೊತ್ತು ನೋಡುತ್ತ ನಿಂತರು.

ತೀರ್ಪುಗಾರರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಕಾಣದ್ದನ್ನು ಜಿಲ್ಲಾ ಮಟ್ಟದ ಪ್ರದರ್ಶನಕ್ಕೆ ಹೇಗೆ ಕಳಿಸುವುದು, 'ಪರಮಾಣು ಕಣಗಳನ್ನು ಕಣ್ಣಾರೆ ನೋಡಿ' ಎಂದು ಬೋರ್ಡ್ ಬರೆದರೆ ಮೊದಲ ಬಹುಮಾನ ನಿಮಗೇ ಅಂದರು. ಪ್ರಿನ್ಸಿಪಾಲರು ಸೀಮೆಸುಣ್ಣ ಹಿಡಿದೇ ಬಂದರು. "ಒಂದು ಪದ ತಾನೇ ಮೇಡಂ, ಹುಡುಗೀರು ಜಿಲ್ಲೆಗೆ ಹೋಗ್ಲಿ."

"ಆ ಒಂದು ಪದಕ್ಕೇ ಸಾರ್ ನನ್ನ ಜಗಳ. ಇದೆ ಅಂತ ಬರೀತೀನಿ. ನೋಡಿದೆ ಅಂತ ಬರೆಯಲ್ಲ."

ಬೇರೆ ತಂಡದವರ ಹೊಗೆ ಉಗುಳುವ ಜ್ವಾಲಾಮುಖಿ ಜಿಲ್ಲೆಗೆ ಹೋಯಿತು. ನಾವು ಹುಡುಗಿಯರು ಮೂಗು ಸೊರಸೊರ ಎಳೆಯುತ್ತ ಕೂತೆವು. ಮೇಡಂ ಸಮಾಧಾನ ಹೇಳಲಿಲ್ಲ, ಜಾಡಿ ತೊಳೆಯಲು ಹಚ್ಚಿದರು. ಅವತ್ತು ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಬಹುಮಾನ ತಗೊಂಡಿದ್ದರೆ ನಾನು ಅವರನ್ನು ಎಂದೋ ಮರೆತಿರುತ್ತಿದ್ದೆ.

ಹೋದ ವರ್ಷ ಮೇಡಂ ತೀರಿಕೊಂಡರು. ಸುದ್ದಿ ನನಗೆ ತಲುಪುವ ಹೊತ್ತಿಗೆ ಎಲ್ಲಾ ಮುಗಿದಿತ್ತು... ಕೊನೆಯ ಸಲ ಮುಖ ಕೂಡ ನೋಡಲಿಲ್ಲ. ಆ ಸಂಕಟ ಹೋಗಿಲ್ಲ.

ಈಗ ನಾನೇ ನಂಜನಗೂಡಿನಲ್ಲಿ ವಿಜ್ಞಾನದ ಟೀಚರ್. ಕ್ಲಿನಿಕ್ಕಿಗೆ ಹೋದ ಮಾರನೇ ದಿನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಎಲೆಕ್ಟ್ರಾನ್ ನೀವು ನೋಡಿದ್ದೀರಾ?"

"ಇಲ್ಲ."

"ಹಂಗಾದ್ರೆ ಅದು ಇಲ್ವಾ ಮಿಸ್?"

"ಇದೆ. ಜಗಳಕ್ಕೆ ಬಾ, ಹೇಳ್ತೀನಿ."

ಅವಳು ನಿಜವಾಗಿಯೂ ಬಂದಳು, ಗಂಟೆ ಹೊಡೆದರೂ ಬಿಡಲಿಲ್ಲ. ಸಂಜೆ ಇದನ್ನು ಮೇಡಂಗೆ ಹೇಳಬೇಕೆಂದು ಫೋನ್ ತೆಗೆದೆ. ನಂಬರ್ ಹಾಗೇ ಇತ್ತು. ತೀರಿಕೊಂಡವರ ನಂಬರ್ ಯಾಕೆ, ಅಳಿಸು ಅನ್ನುತ್ತಾರೆ ಮನೆಯಲ್ಲಿ.

ಅಳಿಸುವುದಿಲ್ಲ. ಯಾರು ಬೇಕಾದರೂ ಜಗಳಕ್ಕೆ ಬರಲಿ.